ಒಂದೊಂದೇ ಫೈಲಿಗೆ ಲೋಗೋ ಅಂಟಿಸಬೇಡಿ

ಹೊಸ ಲೋಗೋ ಬಂತು, ಅದಕ್ಕೆ ಒಂದೊಂದೇ ವರ್ಡ್ ಫೈಲ್ ತೆಗೆದು ಹಳೇದನ್ನು ಅಳಿಸಿ ಹೊಸದನ್ನು ಪೇಸ್ಟ್ ಮಾಡುತ್ತಿದ್ದೇವೆ, ಹೆಡಿಂಗ್ ಬಣ್ಣವನ್ನೂ ಕೈಯಲ್ಲೇ ಬದಲಿಸುತ್ತಿದ್ದೇವೆ ಅಂತ ಬರೆದಿದ್ದೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನೀವು ಅರ್ಧ ಮುಗಿಸುವಷ್ಟರಲ್ಲಿ ಡಿಸೈನರ್ ನೀಲಿಯನ್ನು ಒಂಚೂರು ತಿದ್ದಿ ಕಳಿಸುತ್ತಾರೆ. ಕಳಿಸದೇ ಇರುವುದೇ ಇಲ್ಲ. ಆಗ ಮತ್ತೆ ಮೊದಲಿಂದ ಶುರು.

ಒಂದೇ ಒಂದು ಟೆಂಪ್ಲೇಟ್, ಅಂದರೆ ಮಾದರಿ ಫೈಲ್ ಮಾಡಿ, ಬಣ್ಣ, ಫಾಂಟ್ ಎಲ್ಲ ಸ್ಟೈಲ್‌ನಲ್ಲೇ (ಹೆಸರಿಟ್ಟು ಉಳಿಸಿಟ್ಟ ಅಕ್ಷರ ವಿನ್ಯಾಸದಲ್ಲೇ) ಇರಲಿ. ಹಳೇ ಫೈಲಿಗೆ ಡೆವಲಪರ್ ಟ್ಯಾಬ್‌ನಿಂದ ಅದನ್ನು ಅಟ್ಯಾಚ್ ಮಾಡಿ, ಸ್ಟೈಲ್ ಅಪ್‌ಡೇಟ್ ಆಗುವ ಟಿಕ್ ಹಾಕಿ. ಕೆಲಸ ಆದ ಮೇಲೆ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಫೈಲ್ ತೆರೆದಾಗಲೆಲ್ಲ ಅದು ಕೈಯಾಡಿಸುತ್ತದೆ. ಫೈಲ್, ಟೆಂಪ್ಲೇಟ್ ಎರಡರಲ್ಲೂ ಒಂದೇ ಹೆಸರಿರುವ ಸ್ಟೈಲ್‌ಗಳು ಮಾತ್ರ ಬದಲಾಗುತ್ತವೆ. ಯಾರೋ ಸುಮ್ನೆ ಬೋಲ್ಡ್ ಮಾಡಿ ಹೆಡಿಂಗ್ ಅಂತ ಕರೆದಿದ್ದರೆ ಅದು ಹಾಗೇ ಉಳಿಯುತ್ತದೆ. ಮೊದಲು ಅದಕ್ಕೆ ಸರಿಯಾದ ಸ್ಟೈಲ್ ಕೊಡಿ.

ಹೆಡರ್ (ಪುಟದ ಮೇಲಿನ ಪಟ್ಟಿ), ಮಾರ್ಜಿನ್ ಮಾತ್ರ ಇದರಿಂದ ಬದಲಾಗುವುದಿಲ್ಲ. ಹಾಗಾಗಿ ಹೆಡರಿನಲ್ಲಿರುವ ಲೋಗೋಗೆ ನನ್ನ ಇಷ್ಟದ ದಾರಿ ಬೇರೆ. ವರ್ಡ್‌ನ .docx ಫೈಲ್ ಅಂದರೆ ಒಳಗೆ ಒಂದು ಜಿಪ್, ಹಲವು ಫೈಲುಗಳ ಗಂಟು, ಅಷ್ಟೇ. ನಕಲು ಮಾಡಿಕೊಂಡು ಫೈಲ್ ಹೆಸರಿನ ಕೊನೆಯ .docx ಅನ್ನು .zip ಅಂತ ಬದಲಿಸಿ, ತೆರೆಯಿರಿ. ವರ್ಡ್ ಫೋಲ್ಡರ್‌ನೊಳಗೆ ಮೀಡಿಯಾ ಅಂತ ಇರುತ್ತದೆ, ಹಳೇ ಲೋಗೋ ಅಲ್ಲೇ ಕೂತಿರುತ್ತದೆ. ಅದೇ ಹೆಸರು, ಅದೇ ಫಾರ್ಮ್ಯಾಟ್‌ನಲ್ಲಿ ಹೊಸದನ್ನು ಹಾಕಿ, ಹೆಸರು ವಾಪಸ್ ಮಾಡಿ. ಒಂದೇ ಅಚ್ಚಿನ ಫೈಲ್ ರಾಶಿ ಇದ್ದರೆ ಇದನ್ನೆಲ್ಲ ತಾನೇ ಮಾಡುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದು ಬಿಡಬಹುದು. ಆದರೆ ಉದ್ದ ಅಗಲದ ಅನುಪಾತ ಹಳೇದರಷ್ಟೇ ಇರಬೇಕು. ಜಾಗದ ಅಳತೆ ಫೈಲಿನಲ್ಲೇ ಬರೆದಿರುತ್ತದೆ, ಹಾಗಾಗಿ ಅಗಲ ಲೋಗೋ ಬದಲು ಚೌಕ ಹಾಕಿದರೆ ಎಳೆದು ಹಿಗ್ಗಿಸಿದಂತೆ ಕಾಣುತ್ತದೆ. ಸುತ್ತ ಖಾಲಿ ಜಾಗ ಸೇರಿಸಿ ಸರಿಮಾಡಿಕೊಳ್ಳಿ. ಮೊದಲ ಪುಟಕ್ಕೆ ಬೇರೆ ಹೆಡರ್ ಇದ್ದರೆ ಅದರಲ್ಲಿ ಇನ್ನೊಂದು ಹಳೇ ಚಿತ್ರ ಇರಬಹುದು, ಅದನ್ನೂ ನೋಡಿ.

ಸಹಿ ಆದ ಒಪ್ಪಂದ, ಕಳಿಸಿಬಿಟ್ಟ ಇನ್‌ವಾಯ್ಸ್ ಮುಟ್ಟಲೇಬೇಡಿ! ಅವು ಹಳೇ ಲೋಗೋದಲ್ಲೇ ಇರಬೇಕು.

ಪವರ್‌ಪಾಯಿಂಟ್‌ನಲ್ಲಿ ಹಳೇ ಸ್ಲೈಡ್ ಪೇಸ್ಟ್ ಮಾಡುವಾಗ 'ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್' ಒತ್ತುವವರಿಗೆ ಏನು ಹೇಳಬೇಕೋ! ಹಳೇ ಮಾಸ್ಟರ್ (ಸ್ಲೈಡ್ ವಿನ್ಯಾಸದ ಮೂಲ ಅಚ್ಚು) ಪೂರಾ ಹಿಂದೆಯೇ ಬರುತ್ತದೆ. ಗೂಗಲ್ ಡಾಕ್ಸ್ ಚೆನ್ನಾಗಿದೆ ಅನ್ನುವವರು ಬೇಜಾರು ಮಾಡಿಕೊಳ್ಳಬೇಡಿ, ಇದ್ದ ಫೈಲಿಗೆ ಟೆಂಪ್ಲೇಟ್ ಅಟ್ಯಾಚ್ ಮಾಡುವ ವ್ಯವಸ್ಥೆ ಅದರಲ್ಲಿಲ್ಲ.

ದುಬಾರಿ ಫಾಂಟ್ ಕೊಂಡಿದ್ದರೆ ಹೊರಗಿನವರ ಕಂಪ್ಯೂಟರಿನಲ್ಲಿ ಅದು ಇರುವುದಿಲ್ಲ ಅಲ್ವಾ, ಪಿಡಿಎಫ್ ಮಾಡಿ ಕಳಿಸಿ. ಇಮೇಲ್ ಸಹಿಗೆ ಏರಿಯಲ್ ಸಾಕು. ಪಿಡಿಎಫ್ ಮಾಡುವ ಮೊದಲು ಫೈಲ್ ಪ್ರಾಪರ್ಟೀಸ್‌ನಲ್ಲಿ ಟೈಟಲ್, ಕಂಪನಿ ಹೆಸರು ನೋಡಿ. ಪುಟದಲ್ಲೆಲ್ಲ ಹೊಸ ಹೆಸರಿದ್ದರೂ ಪಿಡಿಎಫ್ ತೆರೆದ ಬ್ರೌಸರ್ ಟ್ಯಾಬ್‌ನಲ್ಲಿ ಹಳೇದೇ ಕಾಣಬಹುದು.