ಬೋಟ್ ಟ್ರೇಲರ್‌ನ ಒಂದೇ ಚಕ್ರ ಕಾಯುತ್ತಿದ್ದರೆ ಮೊದಲು ಹೋಸ್ ನೋಡಿ

ಸರ್, ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಇಷ್ಟು. ಒಂದೇ ಆಕ್ಸಲ್‌ನ ಬೋಟ್ ಟ್ರೇಲರ್, ಎರಡೂ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಸ್ವಲ್ಪ ದೂರ ಓಡಿಸಿದರೆ ಸಾಕು, ಎಡಗಡೆ ಚಕ್ರದ ಹತ್ತಿರ ಕೈ ಒಯ್ಯೋಕಾಗದಷ್ಟು ಕಾಯುತ್ತದೆ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಹೊಸದು ಹಾಕಿಸಿದರೂ ಅದೇ ಕಥೆ. ಜೊತೆಗೆ ರಿವರ್ಸ್ ತೆಗೆಯುವಾಗ ಟ್ರೇಲರ್ ಹಠ ಹಿಡಿದು ನಿಲ್ಲುತ್ತದೆ. ಈಗ ಆಯಿಲನ್ನು ಒತ್ತಿ ಬ್ರೇಕಿಗೆ ಕಳಿಸುವ ಮಾಸ್ಟರ್ ಸಿಲಿಂಡರ್ ಬದಲಿಸಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಇನ್ನೊಂದು ಪಾರ್ಟ್‌ಗೆ ದುಡ್ಡು ಹಾಕುವ ಮೊದಲು ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಅಂತ ಪತ್ತೆ ಮಾಡಿ. ನೀವು ಹೇಳಿದ ಎರಡು ತೊಂದರೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ ಅಂತ ನನಗನ್ನಿಸುತ್ತದೆ.

ಈ ಬ್ರೇಕ್‌ಗೆ ಪೆಡಲ್ ಇಲ್ಲ. ಎಳೆಯುವ ಗಾಡಿ ನಿಧಾನಿಸಿದಾಗ ಟ್ರೇಲರ್ ಹಿಂದಿನಿಂದ ನೂಕುತ್ತದೆ. ಆ ನೂಕಿಗೆ ಟ್ರೇಲರನ್ನು ಗಾಡಿಗೆ ಜೋಡಿಸುವ ಕಪ್ಲರ್ ಒಳಕ್ಕೆ ಜಾರಿ ಮಾಸ್ಟರ್ ಸಿಲಿಂಡರ್‌ನ ರಾಡ್ ಒತ್ತುತ್ತದೆ, ಅಷ್ಟೇ. ಕಪ್ಲರ್ ತುಕ್ಕು ಹಿಡಿದು ವಾಪಸ್ ಬರದೆ ನಿಂತರೆ ಎರಡೂ ಚಕ್ರ ಕಾಯಬೇಕು. ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಿಡಿಸುವ ಎಮರ್ಜೆನ್ಸಿ ಕೇಬಲ್ ಯಾವಾಗಲೋ ಜಗ್ಗಿ ಹಾಗೇ ಲಾಕ್ ಆಗಿದ್ದರೂ ಎರಡೂ ಕಾಯಬೇಕು. ಡ್ರಮ್ ಬ್ರೇಕ್‌ಗೆ ಮಾಡಿದ ಮಾಸ್ಟರ್ ಸಿಲಿಂಡರನ್ನು ಡಿಸ್ಕ್‌ಗೆ ಜೋಡಿಸಿದ್ದರೂ ಹಾಗೇ. ಅದರಲ್ಲಿ ಲೈನಿನಲ್ಲಿ ಸ್ವಲ್ಪ ಒತ್ತಡ ಸದಾ ಉಳಿಸುವ ವಾಲ್ವ್ ಇರುತ್ತದೆ. ಡ್ರಮ್‌ಗೆ ಅದು ಬೇಕು, ಡಿಸ್ಕ್‌ಗೆ ಬೇಡವೇ ಬೇಡ. ನಿಮ್ಮಲ್ಲಿ ಒಂದೇ ಚಕ್ರ ಕಾಯುತ್ತಿದೆ ಅಲ್ವಾ? ಅಂದಮೇಲೆ ತೊಂದರೆ ಇರೋದು ಪೈಪು ಎರಡಾಗಿ ಕವಲೊಡೆದ ಮೇಲೆ.

ಪರೀಕ್ಷೆ ಹೀಗೆ ಮಾಡಿ. ಬ್ರೇಕ್ ಹಿಡಿದು ಚಕ್ರ ಕಾದಿರುವಾಗಲೇ ನಿಲ್ಲಿಸಿ. ಬಲಗಡೆ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ, ಎಡಗಡೆ ಜ್ಯಾಕ್ ಎತ್ತಿ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜ್ಯಾಕ್ ನಂಬಿ ಕೆಲಸ ಮಾಡಬೇಡಿ. ಕಪ್ಲರ್ ಪೂರ್ತಿ ಹೊರಕ್ಕೆ ಬಂದಿದೆಯಾ ನೋಡಿ. ಚಕ್ರ ಕೈಯಲ್ಲಿ ತಿರುಗುತ್ತಿಲ್ಲ ತಾನೇ? ಸ್ವಲ್ಪ ಆರಿದ ಮೇಲೆ ಕಣ್ಣಿಗೆ ಕನ್ನಡಕ ಹಾಕಿಕೊಂಡು ಕ್ಯಾಲಿಪರ್‌ನ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸ್ಕ್ರೂ) ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ ಅಂತ ಅರ್ಥ, ಹೊಸ ಕ್ಯಾಲಿಪರ್‌ದು ತಪ್ಪಿಲ್ಲ. ಚಕ್ರ ಬಿಡದಿದ್ದರೆ ಪಿಸ್ಟನ್ ಜಾಮ್ ಆಗಿದೆ, ಇಲ್ಲವೇ ಕ್ಯಾಲಿಪರ್ ಜಾರುವ ಪಿನ್‌ಗಳು ತುಕ್ಕು ಹಿಡಿದಿವೆ. ಹೊಸ ಕ್ಯಾಲಿಪರ್ ಹಾಕುವಾಗ ಹಳೇ ಪಿನ್ ಹಾಗೇ ಬಿಡುವವರು ಜಾಸ್ತಿ, ಅದನ್ನೂ ಕೇಳಿ ನೋಡಿ.

ನಿಪ್ಪಲ್‌ನಿಂದ ಬಿಟ್ಟುಕೊಂಡಿತು ಅಂದುಕೊಳ್ಳಿ. ಮತ್ತೆ ಓಡಿಸಿ ಬ್ರೇಕ್ ಹಿಡಿಸಿ. ಈ ಸಲ ನಿಪ್ಪಲ್ ಮುಟ್ಟಬೇಡಿ. ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಮತ್ತು ಕಬ್ಬಿಣದ ಪೈಪು ಸೇರುವ ಜಾಗದಲ್ಲಿ, ಅಂದರೆ ಹೋಸ್‌ನ ಆ ತುದಿಯಲ್ಲಿ, ನಟ್ ಸಡಿಲಿಸಿ. ಅಲ್ಲಿ ಬಿಚ್ಚಿದರೂ ಚಕ್ರ ಬಿಡದಿದ್ದರೆ ಹೋಸೇ ಕಳ್ಳ. ಬಿಟ್ಟರೆ ಅಲ್ಲಿಂದ ಕವಲಿನವರೆಗಿನ ಪೈಪು ಎಲ್ಲಾದರೂ ಜಜ್ಜಿದೆಯಾ, ಒಳಗೆ ತುಕ್ಕು ಕಟ್ಟಿದೆಯಾ ನೋಡಿ.

ನನ್ನ ಪ್ರಕಾರ ಹೋಸೇ. ಹೊರಗಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ತೆಗೆದ ಹೋಸನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ಒಳಗಿನ ರಬ್ಬರ್ ಊದಿ ರಂಧ್ರ ಸೂಜಿ ತೂರುವಷ್ಟೇ ಉಳಿದಿರುತ್ತದೆ. ಬ್ರೇಕ್ ಹಿಡಿದಾಗ ಜೋರು ಒತ್ತಡಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ. ವಾಪಸ್ ಬರೋಕೆ ಆ ಬಲ ಎಲ್ಲಿದೆ? ಡಿಸ್ಕ್‌ನಲ್ಲಿ ಸ್ಪ್ರಿಂಗ್ ಇಲ್ಲ, ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಂಡು ಸಡಿಲವಾಗುವುದೇ ಅದನ್ನು ಹಿಂದಕ್ಕೆ ಎಳೆಯುವುದು. ಹೋಸನ್ನು ಚಾಸಿಗೆ ಹಿಡಿದಿರುವ ಕಬ್ಬಿಣದ ಪಟ್ಟಿಯನ್ನೂ ನೋಡಿ. ಪಟ್ಟಿಯ ಒಳಗೆ ತುಕ್ಕು ಉಬ್ಬಿ ಹೋಸನ್ನೇ ಹಿಸುಕಿರುವುದುಂಟು. ಬದಲಿಸುವಾಗ ಎರಡೂ ಕಡೆ ಬದಲಿಸಿ, ಎರಡಕ್ಕೂ ಒಂದೇ ವಯಸ್ಸು.

ಇನ್ನೊಂದು, ಬ್ರೇಕ್ ಬಿಟ್ಟಮೇಲೆ ಚಕ್ರ ತಿರುಗಿಸಿ ಬೇರಿಂಗ್ ಗರಗರ ಅನ್ನುತ್ತಾ, ಅಲ್ಲಾಡುತ್ತಾ ನೋಡಿ. ಬೇರಿಂಗ್ ಹೋದರೂ ಚಕ್ರ ಹೀಗೇ ಕಾಯುತ್ತದೆ.

ಈಗ ರಿವರ್ಸ್ ವಿಷಯ. ಡಿಸ್ಕ್ ಬ್ರೇಕ್‌ಗೆ ಮುಂದೆ ಹಿಂದೆ ಅನ್ನೋ ಭೇದ ಇಲ್ಲ. ಹಿಂದಕ್ಕೆ ನೂಕಿದರೂ ಕಪ್ಲರ್ ಒಳಕ್ಕೆ ಹೋಗಿ ಬ್ರೇಕ್ ಹಿಡಿಯುತ್ತದೆ. ಅದನ್ನು ತಡೆಯೋಕೆ ಲೈನಿನಲ್ಲಿ ಒಂದು ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಗಾಡಿಯ ರಿವರ್ಸ್ ಲೈಟಿನ ಕರೆಂಟ್ ಐದನೇ ವೈರ್‌ನಲ್ಲಿ ಬಂದು ಅದನ್ನು ಮುಚ್ಚುತ್ತದೆ. ನಿಮ್ಮ ಗಾಡಿಯ ಪ್ಲಗ್ ನಾಲ್ಕು ಪಿನ್‌ದಾದರೆ ಅಲ್ಲೇ ಉತ್ತರ ಸಿಕ್ಕಿತು. ಐದು ಇದ್ದರೆ ಕೀ ಆನ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ರಿವರ್ಸ್ ಗೇರಿಗೆ ಹಾಕಿಸಿ ಸೊಲೆನಾಯ್ಡ್ ಹತ್ತಿರ ಕಿವಿ ಕೊಡಿ. ಟಿಕ್ ಅನ್ನಬೇಕು. ಅನ್ನದಿದ್ದರೆ ಟೆಸ್ಟ್ ಲ್ಯಾಂಪ್‌ನಿಂದ 12 ವೋಲ್ಟ್ ಬರುತ್ತಿದೆಯಾ ನೋಡಿ. ಕರೆಂಟ್ ಬಂದೂ ಟಿಕ್ ಅನ್ನದಿದ್ದರೆ ಮೊದಲು ಅರ್ತ್ ವೈರ್ ಬಿಚ್ಚಿ ತುಕ್ಕು ಉಜ್ಜಿ. ನೀರಿಗಿಳಿಯುವ ಟ್ರೇಲರ್‌ನಲ್ಲಿ ಅರ್ತ್ ಹಾಳಾಗುವಷ್ಟು ಬೇರೇನೂ ಹಾಳಾಗಲ್ಲ. ಈ ವೈರನ್ನು ಸುಮ್ನೆ ಎಲ್ಲಿಗೋ ಸೇರಿಸಿ ಕೈ ತೊಳೆದುಕೊಳ್ಳಬೇಡಿ. ಪಾರ್ಕಿಂಗ್ ಲೈಟಿನ ವೈರಿಗೆ ಸೇರಿತು ಅಂದರೆ ರಾತ್ರಿ ಲೈಟ್ ಹಾಕಿದಾಗಲೆಲ್ಲ ಟ್ರೇಲರ್‌ಗೆ ಬ್ರೇಕೇ ಇರಲ್ಲ.

ಹೋಸ್ ಬದಲಿಸಿದ ಮೇಲೆ ಗಾಳಿ ತೆಗೆಯಬೇಕು. ಕಪ್ಲರ್ ಕಡೆ ಸ್ವಲ್ಪ ಎತ್ತರಕ್ಕಿರಲಿ. ದೂರದ ಚಕ್ರದಿಂದ ಶುರು ಮಾಡಿ. ಒಬ್ಬರು ರಾಡ್ ನಿಧಾನವಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ತೆರೆದು, ರಾಡ್ ಬಿಡುವ ಮೊದಲೇ ಮುಚ್ಚಲಿ. ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಖಾಲಿಯಾಗೋಕೆ ಬಿಡಬೇಡಿ. ಎಷ್ಟು ಮಾಡಿದರೂ ರಾಡ್ ಒತ್ತಿದಾಗ ಮೆತ್ತಗೇ ಇದ್ದರೆ ಹೊಸ ಕ್ಯಾಲಿಪರ್‌ನ ನಿಪ್ಪಲ್ ಎಲ್ಲಿದೆ ನೋಡಿ. ಎಡ ಬಲ ಅದಲು ಬದಲಾಗಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ, ಗಾಳಿ ಮೇಲೇ ಉಳಿಯುತ್ತದೆ.

ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ, ಸಾಮಾನ್ಯವಾಗಿ ಡಾಟ್ 3. ಹೊಸದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಲೆಕ್ಕ, ನೀರಿನ ಅಂಶ ಹೀರಿಕೊಂಡ ಮೇಲೆ ಅದು 140ಕ್ಕೆ ಇಳಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ. ಸಿಲಿಕೋನ್ ಇರುವ ಡಾಟ್ 5 ಇದರ ಜೊತೆ ಬೆರೆಸಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಇದೆಲ್ಲ ಸರಿಯಾಗುವವರೆಗೆ ಕಾದ ಚಕ್ರವನ್ನು ಹಾಗೇ ನೀರಿಗೆ ಇಳಿಸಬೇಡಿ. ಚಕ್ರದ ನಡುವೆ ಬೇರಿಂಗ್ ಕೂರುವ ಹಬ್ ಒಳಗಿನ ಬಿಸಿಗಾಳಿ ಒಮ್ಮೆಲೇ ಕುಗ್ಗಿ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ, ಆಮೇಲೆ ಬೇರಿಂಗ್ ಖರ್ಚು ಬೇರೆ.

ನಿಪ್ಪಲ್ ಸಡಿಲಿಸಿದಾಗ ಚಕ್ರ ಬಿಟ್ಟಿತಾ ಇಲ್ವಾ ಬರೆಯಿರಿ. ಆಕ್ಸಲ್ ಕೆಳಗಿನಿಂದ ಹೋಸ್‌ಗಳ ಒಂದು ಫೋಟೋನೂ ಹಾಕಿ, ಕವಲು ಎಲ್ಲಿದೆ ಅಂತ ನೋಡಿ ಹೇಳುತ್ತೇನೆ.