ಯುವೈಟಿಸ್ ಬಂದವರಿಗೆ ಮುಂದೆ ಕಣ್ಣು ಕಾಣುತ್ತದೆಯೇ?

ವಿರಾಜಪೇಟೆಯ ನಿಮ್ಮ ತಮ್ಮನಿಗೆ ಯುವೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ ಇದೆ, ಹತ್ತು ವರ್ಷ ಕಳೆದರೂ ಕಣ್ಣು ಕಾಣುತ್ತಾ ಎಂದು ಕೇಳಿದ್ದೀರಿ. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರಿಗೆ ಕಾಣುತ್ತದೆ. ಉರಿಯೂತ ಮುಂಭಾಗದಲ್ಲಿದ್ದರೆ ಹಿಡಿತಕ್ಕೆ ತರುವುದು ಸುಲಭ. ಹಿಂದೆ, ರೆಟಿನಾ (ಬೆಳಕನ್ನು ಗ್ರಹಿಸುವ ಒಳಪದರ) ಹತ್ತಿರ ಇದ್ದರೆ ಅಪಾಯ ಜಾಸ್ತಿ.

ದೃಷ್ಟಿ ಕೆಡಿಸುವುದು ಬಹಳ ಸಲ ಅದು ಬಿಟ್ಟುಹೋಗುವ ತೊಂದರೆಗಳು: ರೆಟಿನಾದ ನಡುಭಾಗದ ಊತ, ಪೊರೆ, ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರ ಕೆಡುವುದು). ಪೊರೆಯನ್ನು ಉರಿಯೂತ ಸುಮಾರು 3 ತಿಂಗಳು ತಣ್ಣಗಿದ್ದ ಮೇಲೆ ತೆಗೆಸಬಹುದು. ಗ್ಲಾಕೋಮಾದಲ್ಲಿ ಹೋದ ನೋಟ ಮಾತ್ರ ವಾಪಸ್ ಬರುವುದಿಲ್ಲ.

ನಮ್ಮ ಚಿಕ್ಕಪ್ಪನ ಕಥೆ ಅದೇ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ, ಅಲ್ವಾ? ಕಣ್ಣು ಕೆಂಪಾದಾಗಲೆಲ್ಲ ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಹನಿ ತರುತ್ತಿದ್ದರು. ಕೆಂಪು ಇಳಿಯುತ್ತಿತ್ತು, ಒಳಗಿನ ಒತ್ತಡ ಏರುತ್ತಿತ್ತು. ನೋವೇ ಇರಲಿಲ್ಲ. ಗೊತ್ತಾಗಿದ್ದು ತೋಟದ ತಿರುವಿನಲ್ಲಿ ಪಕ್ಕದಿಂದ ಬಂದ ಜೀಪು ಕಾಣದೇ ಹೋದಾಗ.

ಹಾಗಂತ ಹನಿಯನ್ನು ದಿಢೀರ್ ನಿಲ್ಲಿಸಬಾರದು, ಉರಿಯೂತ ಮರುಕಳಿಸುತ್ತದೆ. ಪ್ರತಿ ಭೇಟಿಯಲ್ಲೂ ಒತ್ತಡ ಅಳೆಸಿ. ಉರಿಯೂತ ಮತ್ತೆ ಮತ್ತೆ ಬಂದರೆ ಮೆಥೊಟ್ರೆಕ್ಸೇಟ್, ಅಡಾಲಿಮುಮಾಬ್‌ನಂಥ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿವೆ. ಅದಕ್ಕೂ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು, ನಮ್ಮ ದೇಶದಲ್ಲಿ ಎಷ್ಟೋ ಸಲ ಟಿಬಿಯೇ ಮೂಲ. ಬೆಳಿಗ್ಗೆ ಸೊಂಟ ಹಿಡಿದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಬೆನ್ನುಮೂಳೆಯ ಉರಿಯೂತದ ಜೊತೆಗೂ ಯುವೈಟಿಸ್ ಬರುವುದುಂಟು.

ಇನ್ನೊಂದು, ಮಳೆಗಾಲದಲ್ಲಿ ರಸ್ತೆ ಕುಸಿದರೆ ಮೈಸೂರಿಗೆ ಹೋಗುವುದು ಕಷ್ಟ. ಜೂನ್‌ಗೆ ಮೊದಲೇ ಒಮ್ಮೆ ತೋರಿಸಿ, ಬರೆದುಕೊಟ್ಟ ಹನಿ ತಂದಿಟ್ಟುಕೊಳ್ಳಿ.