1348ರ ನಾಟಕಕ್ಕೆ ಕೊಕ್ಕಿನ ಮುಖವಾಡ ಬೇಡ

1348ರ ಇಟಲಿಯ ಪ್ಲೇಗ್ ಬಗ್ಗೆ ಬರೆದ ನಿಮ್ಮ ನಾಟಕ, ಅದರ ವೈದ್ಯ, ಕ್ವಾರಂಟೈನ್ ದೃಶ್ಯ, ಎಲ್ಲೋ ತಪ್ಪಿದೆ ಅನ್ನಿಸುತ್ತಿದೆ ಅಂತ ಕೇಳಿದ್ದೀರಿ. ಕಾರಣ ಬಹುಶಃ ನಿಮ್ಮ ವೈದ್ಯನ ಹಕ್ಕಿ ಕೊಕ್ಕಿನ ಮುಖವಾಡ. ಅದು 17ನೇ ಶತಮಾನದ್ದು. ಮೊದಲು ಅದನ್ನು ತೆಗೆಯಿರಿ. ಕೈಗೆ ರೋಗಿಯ ಮೂತ್ರ ನೋಡಿ ಕಾಯಿಲೆ ಹೇಳುವ ಗಾಜಿನ ಪಾತ್ರೆ ಕೊಡಿ, ಸಾಕು.

ಆಮೇಲೆ ಅವನ ಮಾತು: ಪ್ಲೇಗಿಗೆ ಗ್ರಹಗಳೇ ಕಾರಣ ಅಂತ ಅವನು ಹೇಳಲಿ. 1345ರಲ್ಲಿ ಶನಿ, ಗುರು, ಕುಜ ಕುಂಭದಲ್ಲಿ ಕೂಡಿದ್ದರಿಂದ ಗಾಳಿ ಕೆಟ್ಟಿತು ಅಂತ ಪ್ಯಾರಿಸ್‌ನ ವೈದ್ಯ ಪಂಡಿತರೇ ಬರೆದಿದ್ದರು. (ನಮ್ಮ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ, ಅಲ್ವಾ?)

ಕ್ವಾರಂಟೈನ್ ದೃಶ್ಯವನ್ನೂ ಬಿಡಿ. ರಗೂಸಾದಲ್ಲಿ (ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್) ಆ ಕಾನೂನು ಬಂದಿದ್ದು 1377ರಲ್ಲಿ, ಅದೂ 30 ದಿನಕ್ಕೆ. ಬದಲಿಗೆ ಇಟಲಿಯದೇ ಊರಾದ ಪಿಸ್ತೋಯಾದ 1348ರ ಕಟ್ಟಳೆ ಹಾಕಿ: ಹಳೇ ಬಟ್ಟೆ ಊರೊಳಗೆ ತರುವಂತಿಲ್ಲ, ಶವದ ಪೆಟ್ಟಿಗೆಗೆ ಮೊಳೆ ಹೊಡೆಯಬೇಕು, ಸಾವಿನ ಗಂಟೆ ಬಾರಿಸುವಂತಿಲ್ಲ. ಕಥೆ ಯಾವ ಊರಿನದು ಅಂತ ನೀವು ಹೇಳಿಲ್ಲ. ಬೇರೆ ಊರಾದರೆ ಇದು ಹಾಗೇ ಹೊಂದದಿರಬಹುದು.